ಎಲೆಯ ಹಸಿರಿಗೆ ಎಷ್ಟು ಕೆಂಪು ಬೇಕು?

ಪ್ರಶ್ನೆ: ಜಲವರ್ಣದಲ್ಲಿ ಸಸ್ಯಗಳ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ. ಟ್ಯೂಬಿನಲ್ಲಿ ಸಿದ್ಧವಾಗಿ ಸಿಗುವ ಹಸಿರಾದ ಸ್ಯಾಪ್ ಗ್ರೀನ್‌ಗೆ ಎಳೆಯ ಎಲೆಯಾದರೆ ಹಳದಿಯನ್ನೂ ಬಲಿತ ಎಲೆಯಾದರೆ ಕಪ್ಪನ್ನೂ ಬೆರೆಸುತ್ತೇನೆ. ಆದರೂ ಎಲೆಗಳು ಪ್ಲಾಸ್ಟಿಕ್ಕಿನವುಗಳಂತೆ ಕಾಣುತ್ತವೆ. ಅಲ್ಟ್ರಾಮರೀನ್ ನೀಲಿಗೆ ಗಾಢ ಹಳದಿ ಸೇರಿಸಿ ನಾನೇ ಹಸಿರು ಮಾಡಿಕೊಂಡರೆ ಬಣ್ಣ ಮಂಕಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಎರಡು ತೊಂದರೆಗಳ ಮೂಲವೂ ಒಂದೇ, ಅದು ಕೆಂಪಿನ ಅಳತೆ. ಅಲ್ಟ್ರಾಮರೀನ್ ನೇರಳೆಯ ಕಡೆಗೆ ವಾಲುವ ನೀಲಿ, ಗಾಢ ಹಳದಿ ಕಿತ್ತಳೆಯ ಕಡೆಗೆ ವಾಲುವ ಹಳದಿ. ಎರಡರಲ್ಲೂ ಅಡಗಿರುವ ಕೆಂಪು ಒಟ್ಟುಗೂಡಿ ಹಸಿರನ್ನು ತಗ್ಗಿಸುತ್ತದೆ. ಅದೇ ನೀಲಿಗೆ ನಿಂಬೆ ಹಳದಿ ಬೆರೆಸಿದರೆ ಬಲಿತ ಎಲೆಗೆ ಒಪ್ಪುವ ಸೌಮ್ಯ ಹಸಿರು ಬರುತ್ತದೆ. ಹಸಿರಿನ ಕಡೆಗೆ ವಾಲುವ ಥ್ಯಾಲೋ ನೀಲಿಗೆ ನಿಂಬೆ ಹಳದಿ ಸೇರಿದಾಗ ಕಣ್ಣು ಕುಕ್ಕುವಷ್ಟು ಉಜ್ವಲವಾದ ಹಸಿರು ಹುಟ್ಟುತ್ತದೆ. ಥ್ಯಾಲೋ ಬಹಳ ಪ್ರಬಲವಾದ ಬಣ್ಣವಾದ್ದರಿಂದ ಮೊದಲು ಹಳದಿಯನ್ನು ತಟ್ಟೆಯಲ್ಲಿ ಕರಗಿಸಿಟ್ಟುಕೊಂಡು, ನೀಲಿಯನ್ನು ಕುಂಚದ ತುದಿಯಿಂದ ಚೂರು ಚೂರೇ ತರಬೇಕು.

ಆ ಉಜ್ವಲ ಹಸಿರು ಹಾಗೇ ಉಳಿದರೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಅದಕ್ಕೆ ಕಪ್ಪನ್ನು ಬಿಟ್ಟು, ಸಾಸಿವೆ ಕಾಳಿನಷ್ಟು ಗುಲಾಬಿ ಕೆಂಪನ್ನೋ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನೋ ಸೇರಿಸಿ ನೋಡಿ. ಕಪ್ಪು ಎಲೆಯ ಜೀವವನ್ನೇ ಹೀರಿಬಿಡುತ್ತದೆ. ಕೆಂಪಾದರೋ ಹಸಿರಿನ ಅಬ್ಬರವನ್ನು ಮಾತ್ರ ಇಳಿಸಿ ಅದನ್ನು ನೆಲಕ್ಕೆ ತರುತ್ತದೆ. ತೀರ ಕಪ್ಪಗಿನ ನೆರಳು ಬೇಕಾದಲ್ಲಿ ಪೆರಿಲೀನ್ ಗ್ರೀನ್ ನನಗೆ ಅಚ್ಚುಮೆಚ್ಚು. ಗಟ್ಟಿಯಾಗಿ ಹಚ್ಚಿದಾಗ ಅದು ಹೆಚ್ಚುಕಡಿಮೆ ಕಪ್ಪೇ, ನೀರು ಹೆಚ್ಚಿದಂತೆ ಒಳಗಿನ ಹಸಿರು ಬಿಚ್ಚಿಕೊಳ್ಳುತ್ತದೆ.

ಟ್ಯೂಬಿನ ಹಸಿರನ್ನು ಬಳಸಲೇಬಾರದೆಂದಲ್ಲ. ಆದರೆ ಈಗಿನ ಸ್ಯಾಪ್ ಗ್ರೀನ್ ಸಾಮಾನ್ಯವಾಗಿ ಎರಡು ಮೂರು ವರ್ಣದ್ರವ್ಯಗಳ ಮಿಶ್ರಣವಾಗಿರುತ್ತದೆ, ಮತ್ತು ಒಬ್ಬ ತಯಾರಕರ ಮಿಶ್ರಣ ಇನ್ನೊಬ್ಬರದಂತಿರುವುದಿಲ್ಲ. ಅದರ ಮೇಲೆ ನೀವು ಇನ್ನೆರಡನ್ನು ಸೇರಿಸಿದರೆ ಬಣ್ಣ ಕೆಸರಾಗುವುದು ಸುಲಭ, ಆದ್ದರಿಂದ ಒಳಗಿನ ವರ್ಣದ್ರವ್ಯ ಯಾವುದೆಂದು ಹೇಳುವ, ಟ್ಯೂಬಿನ ಮೇಲಿನ ಸಂಕೇತಗಳನ್ನು ಓದಿಕೊಳ್ಳಿ. ಪಿಜಿ 7 ಎಂದರೆ ಥ್ಯಾಲೋ ಹಸಿರು, ಪಿವೈ 3 ಎಂದರೆ ಒಂದು ಬಗೆಯ ನಿಂಬೆ ಹಳದಿ.

ಪರೀಕ್ಷೆಗೆ, ಚಿತ್ರಕ್ಕೆ ಬಳಸುವ ಕಾಗದದ್ದೇ ಒಂದು ಪಟ್ಟಿ ಕತ್ತರಿಸಿ, ಅದರ ಅಂಚಿನವರೆಗೂ ಬಣ್ಣ ಹಚ್ಚಿ. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ಪೂರ್ತಿ ಒಣಗಲು ಬಿಟ್ಟು, ಬಳಿಕ ಹಗಲ ಬೆಳಕಿನಲ್ಲಿ ಆ ಅಂಚನ್ನು ಎಲೆಗೆ ತಾಗಿಸಿ ಹಿಡಿಯಿರಿ. ಆಗ ಒಂದೇ ಎಲೆಯಲ್ಲಿ ಎಷ್ಟು ಹಸಿರುಗಳಿವೆ ಎಂಬುದು ಕಾಣತೊಡಗುತ್ತದೆ: ನಡುನರದ ಪಕ್ಕದಲ್ಲಿ ಹಳದಿ ಬೆರೆತದ್ದು, ಮಡಿಕೆಯಲ್ಲಿ ಕಪ್ಪಗಿನದು, ಬೆನ್ನಿನ ಕಡೆ ಬೂದು ಕಲಸಿದಂಥದ್ದು. ಮೇಲ್ಮೈಯ ಹೊಳಪು ಹಸಿರೇ ಅಲ್ಲ, ಅದು ಆಕಾಶದ ಪ್ರತಿಫಲನ. ಹಾಗಾಗಿ ನಾನು ಮೊದಲೇ ಅಲ್ಲಿ ತೀರ ತೆಳುವಾದ ನೀಲಿಯನ್ನು ಹರಡಿ, ಒಣಗಿಸಿ, ಹಸಿರು ಹಚ್ಚುವಾಗ ಆ ಜಾಗವನ್ನು ಮುಟ್ಟದೆ ಬಿಡುತ್ತೇನೆ.