ಮಗನ ಗಾಡಿ ಡಿಕ್ಕಿಯೊಳಗ ಚಾಕು ಸಿಕ್ಕೇತಿ, ಪೊಲೀಸರಿಗೆ ಹೇಳಲೇನು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಡುಗರ ಗ್ಯಾಂಗು, ಚಾಕು, ತಲವಾರಗಳ ಕುರಿತಾಗಿದ್ದವು. ಇದೇ ಭಾಗದ ಠಾಣೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಪೊಲೀಸ್ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗನಿಗೆ ಹದಿನೇಳು ವರ್ಷ. ಪಿಯುಸಿ ಎರಡು ವಿಷಯ ಉಳದಾವು. ಹಗಲೆಲ್ಲಾ ಗ್ಯಾರೇಜಿನ ಮುಂದ ಕೂಡತಾನ, ಮನಿಗೆ ಬರೂದು ರಾತ್ರಿ ಹನ್ನೊಂದಕ್ಕ. ಅಲ್ಲೊಬ್ಬ ‘ಅಣ್ಣಾ’ ಅದಾನ, ಅವ ಹೇಳಿದ್ದ ಖರೆ. ಮೊನ್ನೆ ಗಾಡಿ ಡಿಕ್ಕಿಯೊಳಗ ಅರಿವ್ಯಾಗ ಸುತ್ತಿಟ್ಟ ಚಾಕು ಸಿಕ್ತು. ಪೊಲೀಸರಿಗೆ ಹೇಳಿದ್ರ ರೌಡಿ ಶೀಟ್ ಹಾಕ್ತಾರೇನ್ರಿ? ಹೇಳದಿದ್ರ ನನಗ ನಿದ್ದಿ ಇಲ್ಲ.
— ಒಬ್ಬ ತಾಯಿ, ಹಳೇ ಹುಬ್ಬಳ್ಳಿ

ಉತ್ತರ: ಅಕ್ಕಾರ, ‘ಚಾಕು ಯಾಕ ಇಟ್ಟೀದಿ’ ಎಂದು ಕೇಳಿದರೆ ಅವನು ಬಾಯಿ ಬಿಡುವುದಿಲ್ಲ. ‘ಯಾರಿಗೆ ಅಂಜಿ ಇಟ್ಟೀದಿ’ ಎಂದು ಕೇಳಿ ನೋಡಿ. ಚಾಕು ಇಟ್ಟುಕೊಂಡು ತಿರುಗುವ ಹುಡುಗರಲ್ಲಿ ಬಹಳಷ್ಟು ಜನ ಹೊಡೆಯಬೇಕೆಂದು ಹೊರಟವರಲ್ಲ, ಎದುರಿನವನ ಹತ್ತಿರ ಇದೆಯೆಂದು ಅಂಜಿ ಇಟ್ಟುಕೊಂಡವರು. ಜಗಳದ ಮೂಲ ನೋಡಿದರೆ ಮೊಬೈಲ್ ಸಾಲ, ಐಪಿಎಲ್ ಬೆಟ್ಟಿಂಗ್ ಬಾಕಿ, ಇನ್‌ಸ್ಟಾದಲ್ಲಿ ಯಾರೋ ಹಾಕಿದ ಒಂದು ಕಮೆಂಟು, ‘ನನ್ನ ನೋಡಿ ಯಾಕ ನಕ್ಕಿ’ ಎಂಬಷ್ಟೇ ಇರುತ್ತದೆ. ಆ ಜಗಳ ಯಾರ ಜೊತೆ, ಯಾವಾಗಿನಿಂದ ಎಂಬುದು ನಿಮಗೆ ತಿಳಿದರೆ ಅರ್ಧ ಕೆಲಸ ಆದಂತೆ.

ಇನ್ನು ಕಾನೂನು. 18 ತುಂಬದವರಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲೇಬೇಕು. ಠಾಣೆಗೆ ಹೋದಾಗ ಅವರನ್ನೇ ಕೇಳಿ, ಓಣಿಯಲ್ಲಿ ನಾಲ್ಕು ಜನ ಗೌರವ ಕೊಡುವ ಹಿರಿಯರನ್ನೋ ಅವನ ಹಳೆಯ ಮಾಸ್ತರರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕಾಯ್ದೆ ಉದ್ದಕ್ಕೂ ಹೇಳುವುದು ಹುಡುಗನ ಹೆಸರಿಗೆ ಮಸಿ ಹತ್ತಬಾರದೆಂದು. ಆದರೆ 16 ದಾಟಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ, ಮಂಡಳಿ ಪರಿಶೀಲಿಸಿ ವಯಸ್ಕರಂತೆ ವಿಚಾರಣೆಗೆ ಕಳಿಸುವ ಅವಕಾಶವೂ ಅದರಲ್ಲೇ ಇದೆ. ನಿಮ್ಮ ಮಗ ನಿಂತಿರುವುದು ಆ ಗೆರೆಯ ಈಚೆ. ಅದಕ್ಕೇ ಈಗಲೇ ಹೋಗಿ ಎನ್ನುತ್ತೇನೆ.

ಚಾಕುವನ್ನು ಗಟಾರಕ್ಕೆ ಎಸೆಯಬೇಡಿ, ಅಟ್ಟದ ಮೇಲೆ ಬಚ್ಚಿಡಲೂ ಬೇಡಿ. ಅದು ಯಾವುದಾದರೂ ಪ್ರಕರಣದಲ್ಲಿ ಬಳಕೆಯಾಗಿದ್ದರೆ ಬಚ್ಚಿಟ್ಟವರಿಗೂ ತೊಂದರೆ. ಎಲ್ಲಿ, ಯಾವಾಗ ಸಿಕ್ಕಿತೆಂದು ಹೇಳಿ ಅಧಿಕಾರಿಗೇ ಒಪ್ಪಿಸಿ. ಕಾಯಿಪಲ್ಲೆ ಹೆಚ್ಚುವ ಚಾಕು ಮನೆಯಲ್ಲಿದ್ದರೆ ಅಪರಾಧವಲ್ಲ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನದು, ಮನೆಗೆಲಸಕ್ಕೂ ಹೊಲದ ಕೆಲಸಕ್ಕೂ ಅಲ್ಲದ್ದು, 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಹುಟ್ಟುಹಬ್ಬಕ್ಕೆ ನಡುರಸ್ತೆಯಲ್ಲಿ ಕೇಕ್ ಕತ್ತರಿಸುವ ತಲವಾರವೂ ಅದೇ ಪಟ್ಟಿಯಲ್ಲಿದೆ. ರೀಲ್ಸ್ ಮಾಡಿದ ಹುಡುಗರಿಗೆ ಇದು ಠಾಣೆಗೆ ಬಂದ ಮೇಲೆಯೇ ಗೊತ್ತಾಗುವುದು.

ಆ ‘ಅಣ್ಣಾ’ನ ವಿಷಯ ಮುಚ್ಚಿಡಬೇಡಿ. ಮಕ್ಕಳನ್ನು ಮುಂದಿಟ್ಟುಕೊಂಡು ಅಕ್ರಮ ಕೆಲಸ ಮಾಡಿಸುವ ದೊಡ್ಡವರಿಗೆ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂಪಾಯಿ ದಂಡ ಇದೆ. ಗಾಂಜಾ ಮಾರಿಸಿದ್ದರೆ 78ನೇ ಕಲಂ. ಈ ಕಲಮುಗಳು ಬಳಕೆಯಾಗುವುದು ಕಡಿಮೆ, ಅದು ನಮ್ಮ ಇಲಾಖೆಯದೇ ಕೊರತೆ. ನಿಮ್ಮ ದೂರಿನಲ್ಲಿ ಆ ಮಾತು ಬರಲಿ. ಮಗನಿಗೆ ಗಾಂಜಾ ಚಟ ಹತ್ತಿದೆ ಎಂಬ ಅನುಮಾನ ಇದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದೊಯ್ಯಿರಿ, ತಾವಾಗಿ ಚಿಕಿತ್ಸೆಗೆ ಹೋಗುವವರಿಗೆ ಕಾನೂನಿನಲ್ಲಿ ರಿಯಾಯಿತಿ ಇದೆ. ರಾತ್ರಿ ಏನಾದರೂ ಗದ್ದಲವಾದರೆ 112, ಮಕ್ಕಳ ವಿಷಯಕ್ಕೆ 1098.

ಸೋದರಮಾವನ ಊರಿಗೆ ಕಳಿಸಿಬಿಡುತ್ತೇವೆ ಎನ್ನುವವರು ಬಹಳ. ಬಿಸಿ ಆರಲು ಅದು ಒಳ್ಳೆಯದೇ. ಆದರೆ ಜಗಳ ಮುಗಿಸದೆ ಕಳಿಸಿದರೆ, ಹಬ್ಬಕ್ಕೆಂದು ಬಂದ ದಿನವೇ ಅದು ಅವನ ಕೊರಳಿಗೆ ಬೀಳುತ್ತದೆ.

ಪ್ರಶ್ನೆ: ಜನಸ್ನೇಹಿ ಪೊಲೀಸ್ ಅಂತ ರೌಡಿಗಳಿಗೆ ಚಹಾ ಕುಡಿಸಿ ಕಳಿಸುವುದಕ್ಕಿಂತ, ಎಲ್ಲರನ್ನೂ ಪರೇಡ್ ಮಾಡಿಸಿ, ತಲೆ ಬೋಳಿಸಿ, ಗಡಿಪಾರು ಮಾಡುವುದು ಉತ್ತಮವಲ್ಲವೇ?
— ವ್ಯಾಪಾರಿ, ದುರ್ಗದಬೈಲ್

ಉತ್ತರ: ಅಂಗಡಿ ಮುಂದೆ ನಿಂತು ಹಫ್ತಾ ಕೇಳುವವನನ್ನು ಕಂಡವರಿಗೆ ಶಾಂತಿ ಸಭೆಯ ಚಹಾ ರುಚಿಸುವುದಿಲ್ಲ, ಒಪ್ಪಿದೆ. ಆದರೆ ಪರೇಡಿನ ವಿಡಿಯೊ ಸಂಜೆಗೆ ಏನಾಗುತ್ತದೆ ಗೊತ್ತೇನ್ರಿ? ಹಿಂದೊಂದು ಹಾಡು ಕೂಡಿಸಿ ಅವನ ಹುಡುಗರೇ ಸ್ಟೇಟಸ್ ಇಡುತ್ತಾರೆ. ಠಾಣೆಯ ಅಂಗಳದಲ್ಲಿ ಕಮಿಷನರ್ ಸಾಹೇಬರ ಮುಂದೆ ನಿಂತದ್ದೇ ಅವನಿಗೆ ಹವಾ. ತಲೆ ಬೋಳಿಸಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ. ಗಡಿಪಾರು ಮಾತ್ರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನಲ್ಲಿದೆ, ಬಡ್ಡಿ-ಮಟ್ಕಾ ನಡೆಸುವ ದೊಡ್ಡ ಕುಳಗಳಿಗೆ ಅದು ಬೇಕೇ ಬೇಕು. ಹತ್ತೊಂಬತ್ತರ ಹುಡುಗನಿಗೆ ಹಾಕಿದರೆ? ಗುರುತಿಲ್ಲದ ಜಿಲ್ಲೆಯಲ್ಲಿ ಕೂಲಿ ಇಲ್ಲ, ಇರಲು ಜಾಗ ಇಲ್ಲ. ಅಲ್ಲಿ ಅವನಿಗೆ ಅನ್ನ ಹಾಕುವವನು ಇನ್ನೊಬ್ಬ ‘ಅಣ್ಣಾ’.

ಅಮೆರಿಕದ ಬಾಸ್ಟನ್ ನಗರದ ಮಾತು ಹೇಳುತ್ತೇನೆ. 1990ರ ದಶಕದಲ್ಲಿ ಅಲ್ಲಿ ಹುಡುಗರು ಹುಡುಗರನ್ನೇ ಗುಂಡಿಕ್ಕಿ ಕೊಲ್ಲುತ್ತಿದ್ದರು. ಪೊಲೀಸರು ಹಾರ್ವರ್ಡ್‌ನ ಸಂಶೋಧಕರ ಜೊತೆ ಕೂತು ಲೆಕ್ಕ ಹಾಕಿದಾಗ, 61 ಗ್ಯಾಂಗುಗಳ ಸುಮಾರು 1,300 ಹುಡುಗರೇ ಇಂಥ ಕೊಲೆಗಳಲ್ಲಿ ಶೇ. 60ರಷ್ಟಕ್ಕೆ ಕಾರಣ ಎಂದು ಕಂಡಿತು. ಅಂದರೆ ಇಡೀ ಬಡಾವಣೆಯನ್ನು ಜಾಲಾಡುವ ಅಗತ್ಯವೇ ಇರಲಿಲ್ಲ. 1996ರಿಂದ ಆ ಗ್ಯಾಂಗುಗಳವರನ್ನು ಎದುರಿಗೆ ಕೂರಿಸಿ ನೇರ ಮಾತಾಡಿದರು. ಇನ್ನು ಮೇಲೆ ನಿಮ್ಮಲ್ಲೊಬ್ಬ ಗುಂಡು ಹಾರಿಸಿದರೆ ಗುಂಪಿನಲ್ಲಿ ಯಾರ್ಯಾರ ಮೇಲೆ ಏನೇನು ಬಾಕಿ ಇದೆಯೋ ಎಲ್ಲ ಹೊರತೆಗೆಯುತ್ತೇವೆ, ಇದನ್ನೆಲ್ಲ ಬಿಡುತ್ತೇನೆ ಎನ್ನುವವನಿಗೆ ಓದು, ಕೆಲಸ, ಚಿಕಿತ್ಸೆಗೆ ನೆರವಾಗುತ್ತೇವೆ ಎಂದು. ಕೂತವರಲ್ಲಿ ಪೊಲೀಸರಷ್ಟೇ ಅಲ್ಲ, ಬೀದಿ ಕಾರ್ಯಕರ್ತರು, ಚರ್ಚಿನ ಪಾದ್ರಿಗಳೂ ಇದ್ದರು. ಯುವಕರ ಕೊಲೆಗಳ ತಿಂಗಳ ಸರಾಸರಿ ಶೇ. 63 ಇಳಿಯಿತು. 2000ದ ಹೊತ್ತಿಗೆ ಆ ಕೆಲಸ ಕೈಬಿಟ್ಟರು, ಕೊಲೆಗಳು ಮತ್ತೆ ಏರಿದವು.

ನಮ್ಮಲ್ಲಿ ಬೆದರಿಕೆಯ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾರೆ, ನೆರವಿನ ಭಾಗಕ್ಕೆ ‘ಅದು ನಮ್ಮ ಕೆಲಸವಲ್ಲ’ ಎನ್ನುತ್ತಾರೆ. ವ್ಯಾಪಾರಿ ಸಂಘದವರು ಅಲ್ಲಿ ಕೈ ಹಾಕಬಹುದು. ಎಪಿಎಂಸಿಯಲ್ಲೋ, ಗೋಕುಲ ರಸ್ತೆಯ ಕೈಗಾರಿಕೆಗಳಲ್ಲೋ ಠಾಣೆಯಿಂದ ಕಳಿಸಿದ ಒಬ್ಬ ಹುಡುಗನಿಗೆ ಕೆಲಸ ಕೊಡುತ್ತೀರಾ? ನಿಮ್ಮನ್ನೇ ಕೇಳುತ್ತಿದ್ದೇನೆ.

ಪ್ರಶ್ನೆ: ಅಮೆರಿಕದ್ದು ಬಂದೂಕಿನ ಕಥೆ. ನಮ್ಮದು ಚಾಕು. ಆ ಪಾಠ ಇಲ್ಲಿಗೆ ಹೊಂದುತ್ತದೆಯೇ?
— ಉಪನ್ಯಾಸಕರು, ಗದಗ

ಉತ್ತರ: ಭೀಮಾ ತೀರದ ಸುದ್ದಿಗಳಲ್ಲಿ ಬರುವ ಕಂಟ್ರಿ ಪಿಸ್ತೂಲು ನಮ್ಮ ಓಣಿಯ ಹುಡುಗರ ಕೈಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ, ನಿಜ. ಹಾಗಿದ್ದರೆ ಸ್ಕಾಟ್ಲೆಂಡಿನ ಗ್ಲಾಸ್ಗೊ ನೋಡಿ, ಅದು ಚಾಕುವಿನದೇ ಊರಾಗಿತ್ತು. 2005ರಲ್ಲಿ ಅಲ್ಲಿನ ಪೊಲೀಸರು ಹಿಂಸೆ ತಗ್ಗಿಸಲೆಂದೇ ಪ್ರತ್ಯೇಕ ಘಟಕ ತೆರೆದು, ಇದನ್ನು ಆರೋಗ್ಯ ಇಲಾಖೆ ರೋಗವನ್ನು ನೋಡುವಂತೆ ನೋಡಿದರು. 2008ರಲ್ಲಿ ಬಾಸ್ಟನ್ ಮಾದರಿಯಲ್ಲೇ ಗ್ಯಾಂಗಿನ ಹುಡುಗರನ್ನು ಕೋರ್ಟ್ ಹಾಲಿಗೆ ಕರೆಸಿ ಮಾತಾಡಿದರು. ನನಗೆ ಹಿಡಿಸಿದ್ದು ಇನ್ನೊಂದು: ಇರಿತವಾಗಿ ಆಸ್ಪತ್ರೆಗೆ ಬಂದವನ ಹಾಸಿಗೆಯ ಪಕ್ಕಕ್ಕೇ ಒಬ್ಬ ಕಾರ್ಯಕರ್ತ ಹೋಗಿ ಕೂರುತ್ತಾನೆ. ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಯ (ಈಗ ಕೆಎಂಸಿಆರ್‌ಐ) ತುರ್ತು ವಿಭಾಗದ ಹೊರಗೆ ಅಂಥ ರಾತ್ರಿ ನಿಂತು ನೋಡಿ. ಒಳಗೆ ಹೊಲಿಗೆ ಹಾಕುತ್ತಿರುತ್ತಾರೆ, ಹೊರಗೆ ಬೈಕುಗಳ ಸುತ್ತ ಗೆಳೆಯರು ಮುಂದಿನ ಲೆಕ್ಕ ಹಾಕುತ್ತಿರುತ್ತಾರೆ. ನಮ್ಮವರು ಗಾಯಾಳುವಿನ ಹೇಳಿಕೆ ಬರೆದುಕೊಂಡು ಹೊರಡುತ್ತಾರೆ, ಆ ಬೈಕುಗಳ ಹತ್ತಿರ ಯಾರೂ ಹೋಗುವುದಿಲ್ಲ.

ಪ್ರಶ್ನೆ: ಗಣೇಶ ವಿಸರ್ಜನೆಯಲ್ಲಿ ಡಿಜೆ ಮುಂದೆಯೇ ಜಗಳ ಹತ್ತುತ್ತದೆ. ಶಾಂತಿ ಸಭೆಗಳಿಂದ ಪ್ರಯೋಜನವಿದೆಯೇ?
— ಗಜಾನನ ಮಂಡಳಿಯೊಂದರ ಕಾರ್ಯದರ್ಶಿ, ಹಾವೇರಿ

ಉತ್ತರ: ಹಬ್ಬಕ್ಕೆ ವಾರ ಇರುವಾಗ ಕರೆದರೆ ಇಲ್ಲ. ಮಹಾರಾಷ್ಟ್ರದ ಭಿವಂಡಿಯಲ್ಲಿ 1970 ಮತ್ತು 1984ರಲ್ಲಿ ದೊಡ್ಡ ಗಲಭೆಗಳಾಗಿದ್ದವು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಹಬ್ಬ ಇರಲಿ ಬಿಡಲಿ ಕೂಡಿಸುತ್ತ ಹೋದರು. 1992-93ರಲ್ಲಿ ಮುಂಬೈ ಹೊತ್ತಿ ಉರಿದಾಗ ಪಕ್ಕದ ಭಿವಂಡಿ ಶಾಂತವಾಗಿತ್ತು. ನಿಮ್ಮ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಮುಖಂಡರಿಗೇ ಮೀಸಲು. ಟ್ರ್ಯಾಕ್ಟರ್ ಮುಂದೆ ಕುಣಿಯುವ ಹುಡುಗರನ್ನು ಕರೆಯಿರಿ.

ಪ್ರಶ್ನೆ: ನಾನು ಕಾನ್ಸ್‌ಟೇಬಲ್. ಬಂದೋಬಸ್ತ್, ಸಮನ್ಸ್, ಕೋರ್ಟ್ ಡ್ಯೂಟಿಯಲ್ಲೇ ದಿನ ಮುಗಿಯುತ್ತದೆ. ಬೀಟ್ ಯಾವಾಗ ಮಾಡುವುದು ಸರ್?
— ಹೆಸರು ಬೇಡ, ಧಾರವಾಡ

ಉತ್ತರ: ತಮ್ಮಾ, ನಿನ್ನ ಸಂಕಟ ಗೊತ್ತು. ಕೇರಳದವರು 2008ರಲ್ಲಿ ಜನಮೈತ್ರಿ ಎಂಬ ಜನಸ್ನೇಹಿ ಪೊಲೀಸ್ ಯೋಜನೆ ಶುರು ಮಾಡಿದಾಗ ಬೀಟ್‌ನ ಒಬ್ಬರಿಗೆ ಸುಮಾರು 500 ಮನೆ ಹಂಚಿದರು. ನಮ್ಮಲ್ಲಿ 2017ರಲ್ಲಿ ಬೀಟನ್ನು ಸಣ್ಣದಾಗಿ ಹಂಚಿ ಒಬ್ಬೊಬ್ಬರಿಗೆ ಕೊಡುವ ಉಪ-ಬೀಟ್ ಪದ್ಧತಿ, 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಬಂದವು. ಕಾಗದದ ಮೇಲೆ ಎಲ್ಲ ಸರಿ ಇದೆ, ಬೀಟ್‌ನವನನ್ನೇ ಬಂದೋಬಸ್ತಿಗೆ ಎತ್ತಿಕೊಂಡು ಹೋದರೆ ಎಲ್ಲವೂ ಅಲ್ಲಿಗೇ ನಿಂತಿತು. ಅದು ಮೇಲಿನವರು ಸರಿಪಡಿಸಬೇಕಾದ್ದು.

ನಿನ್ನ ಕೈಯಲ್ಲಿರುವುದು ಒಂದು ಸಣ್ಣ ವಹಿ. ಮನೆಗಳ ಪಟ್ಟಿ ಬೇಡ, ಜಗಳಗಳ ಪಟ್ಟಿ ಬರಿ. ‘ಗ್ಯಾರೇಜ್ ಹುಡುಗ, ಪಾನ್ ಅಂಗಡಿ ಹುಡುಗ. ಮೊಬೈಲ್ ಸಾಲ ಮೂರು ಸಾವಿರ. ಶನಿವಾರ ಬೈದಾಡಿದ್ದಾರೆ. ಇಬ್ಬರಿಗೂ ಬೇಕಾದವರು: ಜಿಮ್ ಮಾಸ್ತರ.’ ಇಷ್ಟು ಸಾಕು. ಸಮನ್ಸ್ ಕೊಡಲು ಆ ಓಣಿಗೆ ಹೋದಾಗ ಜಿಮ್ ಮಾಸ್ತರರನ್ನು ಕಂಡು ಬಾ. ಸಾಲ ಕಂತಿನಲ್ಲಿ ತೀರಿಸುವ ಮಾತಾದರೆ ಮುಂದೆ ‘ಮುಗಿಯಿತು’ ಎಂದು ಬರಿ. ವರ್ಗವಾದಾಗ ವಹಿ ಮುಂದೆ ಬರುವವನ ಕೈಗೆ ಹೋಗಲಿ. ಆದರೆ ಅದರ ಪುಟದ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗದಂತೆ ನೋಡಿಕೋ. ಅದರಲ್ಲಿ 18ರೊಳಗಿನ ಹುಡುಗನ ಹೆಸರಿದ್ದು ಹೊರಬಿದ್ದರೆ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಬರುವುದು ನಿನ್ನ ಮೇಲೆಯೇ.