ಜಪಾನಿನ ಪುಟ್ಟ ಬೌದ್ಧ ದೇವಾಲಯವೊಂದು ಅಮೆರಿಕದ ಕಾನ್ಸುಲೇಟ್ ಆಗಿದ್ದು ಹೇಗೆ?

ಹೇಳದೆ ಬಂದಂತಿದ್ದ ಅತಿಥಿಯನ್ನು ಇರಿಸಲು ಜಾಗ ಬೇಕಿತ್ತು. ಹಾಗಾಗಿ ಶಿಮೋಡಾ ಊರಾಚೆಯ ಗ್ಯೊಕುಸೆನ್‌ಜಿ ಎಂಬ ಝೆನ್ ದೇವಾಲಯವನ್ನು ಬಿಟ್ಟುಕೊಟ್ಟರು.

ಗೊಂದಲ ಶುರುವಾಗಿದ್ದು ಅಮೆರಿಕ ಮತ್ತು ಜಪಾನ್ ನಡುವಿನ 1854ರ ಒಪ್ಪಂದದಿಂದ. ಎರಡರಲ್ಲಿ ಯಾವ ಸರ್ಕಾರ ಬಯಸಿದರೂ ಕಾನ್ಸಲ್, ಅಂದರೆ ದೇಶದ ಪ್ರತಿನಿಧಿ, ಬರಬಹುದು ಎಂದು ಇಂಗ್ಲಿಷ್ ಪ್ರತಿಯಲ್ಲಿತ್ತು. ಜಪಾನಿ ಪ್ರತಿಯಲ್ಲಿ ಎರಡೂ ಸರ್ಕಾರ ಒಪ್ಪಬೇಕಿತ್ತು! ಒಂದೇ ಮಾತಿನ ವ್ಯತ್ಯಾಸ, ಎಷ್ಟು ದೊಡ್ಡದು ಅಲ್ವಾ? 1856ರಲ್ಲಿ ಅಮೆರಿಕದ ಕಾನ್ಸಲ್ ಟೌನ್ಸೆಂಡ್ ಹ್ಯಾರಿಸ್ ಬಂದಾಗ ಜಪಾನಿನ ಅಧಿಕಾರಿಗಳು ವಾಪಸ್ ಹೋಗಿ ಎಂದರು. ಹ್ಯಾರಿಸ್ ಒಪ್ಪಲಿಲ್ಲ. ಸೆಪ್ಟೆಂಬರ್ 4ರಂದು ದೇವಾಲಯದ ಅಂಗಳದಲ್ಲೇ ಅಮೆರಿಕದ ಬಾವುಟ ಏರಿತು.

ಶಿಮೋಡಾದಲ್ಲಿ ನೆಲೆಸಿದ್ದ ಹ್ಯಾರಿಸ್ ಮುಂದೆ 1858ರ ವ್ಯಾಪಾರ ಒಪ್ಪಂದವನ್ನು ಸಾಧಿಸಿದರು. ಅಮೆರಿಕದ ಮತ್ತು ರಷ್ಯಾದ ನಾವಿಕರ ಸಮಾಧಿಗಳು ಇಂದಿಗೂ ದೇವಾಲಯದ ಆವರಣದಲ್ಲಿವೆ.