ಮನೆಯಲ್ಲಿ ಸಾಕಲು ಮಧ್ಯಮ ಗಾತ್ರದ ಚೇಳು ಯಾವುದು? ಅಳತೆಗಿಂತ ಮೊದಲು ಇಕ್ಕಳ ನೋಡಿ

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಬಾಡಿಗೆ ಫ್ಲ್ಯಾಟ್, ಮನೆಯಲ್ಲಿ ನಾಲ್ಕು ವರ್ಷದ ಮಗು, ಒಂದು ಚೇಳು ಸಾಕುವ ಆಸೆ. ಆಫ್ರಿಕಾದ ಎಂಪರರ್ ಚೇಳಿನಷ್ಟು ದೊಡ್ಡದು ಬೇಡ, ತೀರಾ ಚಿಕ್ಕದೂ ಬೇಡ. ಮಧ್ಯಮ ಗಾತ್ರದ್ದರಲ್ಲಿ ಯಾವ ಜಾತಿ ಒಳ್ಳೆಯದು?

ನನ್ನ ಉತ್ತರ: ಏಷ್ಯಾದ ಕಾಡುಚೇಳು. ಅದೂ ಸಾಕಿದ ತಾಯಿಗೆ ಹುಟ್ಟಿದ ಮರಿಯೇ ಆಗಬೇಕು. ನನ್ನ ಬಳಿ ಇರುವುದೂ ಅಂಥದ್ದೇ, ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಹುಟ್ಟಿದ್ದು. ಆದರೆ ಬರೀ ಹೆಸರು ಹೇಳಿ ಬಿಟ್ಟುಬಿಡಲು ಮನಸ್ಸಿಲ್ಲ. ಚೇಳನ್ನು ಗಾತ್ರ ನೋಡಿ ಆರಿಸುವುದು ಅಪಾಯ. ನಮ್ಮ ದೇಶದಲ್ಲಂತೂ ಇನ್ನೂ ಅಪಾಯ.

ಭಾರತದಲ್ಲಿ ಜೀವಕ್ಕೇ ಕುತ್ತು ತರುವ ಚೇಳು ಎಂದರೆ ಮುಖ್ಯವಾಗಿ ಕೆಂಪು ಚೇಳು. ವಿಜ್ಞಾನಿಗಳು ಇಟ್ಟ ಹೆಸರು ಹೊಟೆಂಟೋಟಾ ಟ್ಯಾಮುಲಸ್. ಉದ್ದ ಸುಮಾರು 5ರಿಂದ 9 ಸೆಂಟಿಮೀಟರ್. ನೀವು ಕೇಳಿದ ಅಳತೆ ಸರಿಯಾಗಿ ಇದೇ! ಕಲ್ಲಿನಡಿ, ಮರದ ತೊಗಟೆಯ ಸಂದಿ, ಮನೆಯ ಆಸುಪಾಸು ಇರುತ್ತದೆ. ಕೊಂಕಣ ಕರಾವಳಿಯಲ್ಲಿ ಇದರಿಂದ ಸತ್ತ ಮಕ್ಕಳು ಎಷ್ಟೋ. ಕುಟುಕಿದರೆ ಬರೀ ಉರಿಯಲ್ಲ. ವಿಷ ನರಗಳನ್ನು ಕೆರಳಿಸುತ್ತದೆ. ಬೆವರು ಕಿತ್ತುಕೊಂಡು ಬರುತ್ತದೆ, ವಾಂತಿಯಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ, ರಕ್ತದೊತ್ತಡ ಏರುತ್ತದೆ. ಕೊನೆಗೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ ಕೊಟ್ಟು ಇಂಥ ರೋಗಿಗಳನ್ನು ಉಳಿಸಿ ತೋರಿಸಿದರು. ಆಮೇಲೆ ಸಾವು ಬಹಳ ಇಳಿಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಳ್ಳಿಯಲ್ಲಿ ಕೂತು ಮಾಡಿದ ಇಷ್ಟು ದೊಡ್ಡ ಕೆಲಸ ನಮ್ಮ ಕಡೆಯವರಿಗೂ ಗೊತ್ತಿರಬೇಕು ಎಂದು ನನ್ನ ಆಸೆ.

ಹಾಗಾದರೆ ಗುರುತು ಹೇಗೆ? ಬಣ್ಣ ನಂಬಬೇಡಿ. ಕೆಂಪು ಚೇಳು ಎಂದರೂ ಕಿತ್ತಳೆ ಬಣ್ಣದ್ದು ಉಂಟು, ಕಂದು ಬಣ್ಣದ್ದೂ ಉಂಟು. ಇಕ್ಕಳ ಮತ್ತು ಬಾಲ ನೋಡಿ. ಇಕ್ಕಳ ಸಣಕಲು, ಬಾಲ ದಪ್ಪ ಎಂದಾದರೆ ಆ ಚೇಳು ಬೇಟೆಗೆ ವಿಷವನ್ನೇ ನೆಚ್ಚಿಕೊಂಡದ್ದು. ಇಕ್ಕಳ ದಪ್ಪಗೆ, ಅಗಲವಾಗಿ ಇದ್ದು ಬಾಲ ತೆಳ್ಳಗಿದ್ದರೆ ಅದು ಹಿಡಿದು ಜಜ್ಜಿ ತಿನ್ನುವಂಥದ್ದು. ಅಂಥವುಗಳ ವಿಷ ಸಾಮಾನ್ಯವಾಗಿ ಸೌಮ್ಯ. ಕೆಂಪು ಚೇಳು ಮೊದಲನೇ ಬಗೆ, ಬ್ಯೂಥಿಡೆ ಕುಟುಂಬದ್ದು. ಜಗತ್ತಿನ ಅಪಾಯಕಾರಿ ಚೇಳುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಈ ಕುಟುಂಬದವು. ಇರಾನಿನ ಹೆಮಿಸ್ಕಾರ್ಪಿಯಸ್ ಎಂಬುದು ಇದಕ್ಕೆ ಹೊರತು. ಅದು ಬ್ಯೂಥಿಡೆ ಅಲ್ಲದಿದ್ದರೂ ಕೊಲ್ಲಬಲ್ಲದು. ಆದ್ದರಿಂದ ಇಕ್ಕಳದ ಲೆಕ್ಕ ಮೊದಲ ಜರಡಿ ಅಷ್ಟೇ. ಜಾತಿ ಖಚಿತವಾಗದ ಚೇಳನ್ನು ಮನೆಗೆ ತರಲೇಬೇಡಿ.

ಏಷ್ಯಾದ ಕಾಡುಚೇಳುಗಳು ಎರಡನೇ ಬಗೆ. ಮೊದಲು ಇವೆಲ್ಲ ಹೆಟೆರೋಮೆಟ್ರಸ್ ಎಂಬ ಒಂದೇ ಕುಲದಲ್ಲಿದ್ದವು. 2020ರಲ್ಲಿ ಪ್ರೆಂಡಿನಿ ಮತ್ತು ಲೋರಿಯಾ ಎಂಬ ವಿಜ್ಞಾನಿಗಳು ಬೇರೆಬೇರೆ ಕುಲಗಳಾಗಿ ವಿಂಗಡಿಸಿದರು. ಅದರಲ್ಲಿ ಒಂದು ಕುಲದ ಹೆಸರು ಸಹ್ಯಾದ್ರಿಮೆಟ್ರಸ್, ನಮ್ಮ ಘಟ್ಟದ ಹೆಸರೇ! ಮಾರುವವರು ಈಗಲೂ ಎಲ್ಲದಕ್ಕೂ ಹೆಟೆರೋಮೆಟ್ರಸ್ ಎಂದೇ ಹೇಳುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ. ಇವುಗಳಲ್ಲಿ ಸ್ವಾಮರ್‌ಡ್ಯಾಮಿ ಎಂಬ ಜಾತಿ 20 ಸೆಂಟಿಮೀಟರ್ ದಾಟಬಲ್ಲದು, ಅದು ನಿಮಗೆ ಬೇಡ. ಉಳಿದ ಹಲವು ಜಾತಿಗಳು ದೊಡ್ಡದಾದ ಮೇಲೂ 8ರಿಂದ 12 ಸೆಂಟಿಮೀಟರ್ ಒಳಗೇ ನಿಲ್ಲುತ್ತವೆ. ಕಪ್ಪು ಮೈ, ಕೆಲವಕ್ಕೆ ಹಸಿರು ಹೊಳಪು. ಕುಟುಕಿದರೆ ಹೆಚ್ಚಿನವರಿಗೆ ಜೇನುನೊಣ ಕಚ್ಚಿದಷ್ಟು ನೋವು. ಅಲರ್ಜಿ ಇದ್ದವರಿಗೆ ಮಾತ್ರ ಅದೂ ಅಪಾಯವೇ. ಇಕ್ಕಳಕ್ಕೆ ಬೆರಳು ಸಿಕ್ಕಿದರೆ ರಕ್ತ ಬರುವಷ್ಟು ಹಿಂಡುತ್ತದೆ.

ಇವನ್ನು ಹೇಳಲು ಇನ್ನೂ ದೊಡ್ಡ ಕಾರಣ ನಮ್ಮ ಹವೆ. ಹೊರದೇಶದವರ ಸಲಹೆ ಓದಿದರೆ ಮರುಭೂಮಿಯ ಚೇಳುಗಳ ಹೊಗಳಿಕೆ ಜಾಸ್ತಿ. ಅರಿಜೋನಾದ ರೋಮದ ಚೇಳು, ಉತ್ತರ ಆಫ್ರಿಕಾದ ಸ್ಕಾರ್ಪಿಯೋ ಮೌರಸ್ ಹೀಗೆ. ಮೌರಸ್ ನಿಜಕ್ಕೂ ಒಳ್ಳೆಯ ಮಧ್ಯಮ ಗಾತ್ರದ ಚೇಳು. ದಪ್ಪ ಇಕ್ಕಳ, ಬಿಲ ತೋಡುವ ಚಂದ, ಎಲ್ಲ ಸರಿ. ಆದರೆ ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಅಲ್ವಾ? ಆ ತೇವದಲ್ಲಿ ಮರುಭೂಮಿಯ ಚೇಳಿನ ಮೈಮೇಲೆ ಶಿಲೀಂಧ್ರ ಬರುವ ಭಯ ದೊಡ್ಡದು. ದಿನವಿಡೀ ಎಸಿಯೋ ಡಿಹ್ಯುಮಿಡಿಫೈಯರೋ ಓಡಿಸಿ ಸಾಕುವುದು ನಿಮಗೂ ಕಷ್ಟ, ಅದಕ್ಕೂ ಹಿಂಸೆ. ಕಾಡುಚೇಳಿಗೆ ಬೇಕಾದ ಸೆಕೆ, ತೇವ ಎರಡೂ ನಮ್ಮಲ್ಲಿ ಪುಕ್ಕಟೆ. ಹೀಟರ್ ಬೇಕಿಲ್ಲ.

ಇನ್ನು ಸ್ವಲ್ಪ ಚಿಕ್ಕದಾದರೂ ಅಡ್ಡಿಯಿಲ್ಲ ಎಂದಾದರೆ ಲಿಯೋಕೆಲಿಸ್ ಆಸ್ಟ್ರಲೇಷಿಯೆ ಉಂಟು. ಬರೀ 3 ಸೆಂಟಿಮೀಟರ್, ಚಪ್ಪಟೆ ಮೈ, ವಿಷ ತೀರಾ ಕಡಿಮೆ. ಕೆಲವು ಕಡೆಯ ಲಿಯೋಕೆಲಿಸ್‌ಗಳಲ್ಲಿ ಗಂಡೇ ಇಲ್ಲದೆ ಹೆಣ್ಣು ಮರಿ ಹಾಕುತ್ತದೆ. ತೊಗಟೆಯ ಅಡಿಯಲ್ಲೇ ಇರುವುದರಿಂದ ನೋಡಲು ಸಿಗುವುದು ಅಪರೂಪ. ಮೊದಲ ಸಲ ಸಾಕುವವರಿಗೆ ಬೇಸರ ಬರಬಹುದು.

ಮನೆ ಕಟ್ಟುವ ವಿಷಯಕ್ಕೆ ಬರುತ್ತೇನೆ. ಒಂದು ಕಾಡುಚೇಳಿಗೆ ಸುಮಾರು 40 ಸೆಂಟಿಮೀಟರ್ ಉದ್ದದ ಗಾಜಿನ ಪೆಟ್ಟಿಗೆ ಧಾರಾಳ ಸಾಕು. ಎತ್ತರಕ್ಕಿಂತ ನೆಲ ಮುಖ್ಯ. ತಳಕ್ಕೆ 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರ ಸೇರಿಸದ ಮಣ್ಣು ಬೆರೆಸಿ ಹಾಕಿ, ಕೈಯಲ್ಲಿ ಒತ್ತಿ ಗಟ್ಟಿ ಮಾಡಿ. ಬಿಲ ಕುಸಿಯಬಾರದು ನೋಡಿ. ಮೇಲೆ ಒಡೆದ ಮಂಗಳೂರು ಹಂಚಿನ ತುಂಡನ್ನು ಓರೆಯಾಗಿ ಇಡಿ. ನೂರಾರು ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಗುಹೆ ತರುವುದಕ್ಕಿಂತ ಇದೇ ಒಳ್ಳೆಯದು, ತೇವವನ್ನೂ ಹಿಡಿದಿಡುತ್ತದೆ. ಹಂಚು ಮಣ್ಣಿನೊಳಗೆ ಚೆನ್ನಾಗಿ ಕೂರಬೇಕು. ಇಲ್ಲದಿದ್ದರೆ ಚೇಳು ಅಡಿಗೆ ತೋಡಿದಾಗ ಅದರ ಮೇಲೇ ಬೀಳುತ್ತದೆ. ಒಂದು ಮೂಲೆ ಒದ್ದೆ, ಇನ್ನೊಂದು ಮೂಲೆ ಒಣ ಇರಲಿ. ತನಗೆ ಬೇಕಾದ ಕಡೆ ಅದೇ ಹೋಗುತ್ತದೆ. ನೀರಿಗೆ ಚಪ್ಪಟೆಯಾದ ಸಣ್ಣ ತಟ್ಟೆ ಸಾಕು. ಗಾಳಿಯಾಡಲು ಪೆಟ್ಟಿಗೆಯ ಪಕ್ಕದಲ್ಲೂ ತೂತು ಬೇಕು. ಮುಚ್ಚಳದಲ್ಲಿ ಮಾತ್ರ ತೂತು ಇದ್ದರೆ ಮಳೆಗಾಲದಲ್ಲಿ ಒಳಗೆ ಬೂಸ್ಟು ಖಂಡಿತ. ಸ್ಪ್ರಿಂಗ್‌ಟೇಲ್ ಎಂಬ ಬಿಳಿ ಪುಟ್ಟ ಹುಳುಗಳನ್ನು ಮಣ್ಣಿಗೆ ಬಿಟ್ಟರೆ ಬೂಸ್ಟನ್ನು ಅವು ತಿಂದುಕೊಂಡಿರುತ್ತವೆ.

ಗಾಜನ್ನು ಚೇಳು ಹತ್ತಲಾರದು. ಆದರೆ ಮೂಲೆಗೆ ಹಾಕಿದ ಸಿಲಿಕೋನ್ ಹಿಡಿದು ಹತ್ತುತ್ತದೆ. ಮಗು ಇರುವ ಮನೆಯಾದ್ದರಿಂದ ಮುಚ್ಚಳಕ್ಕೆ ಬೀಗ ಹಾಕಲೇಬೇಕು, ಪೆಟ್ಟಿಗೆ ಮಗುವಿನ ಕೈಗೆಟುಕದ ಗಟ್ಟಿ ಶೆಲ್ಫಿನ ಮೇಲೆ ಇರಬೇಕು. ಒಂದು ಯುವಿ ಟಾರ್ಚ್ ತೆಗೆದಿಡಿ. ಆ ಬೆಳಕು ಬಿದ್ದರೆ ಚೇಳಿನ ಮೈ ನೀಲಿ ಹಸಿರಾಗಿ ಹೊಳೆಯುತ್ತದೆ. ಅಕಸ್ಮಾತ್ ತಪ್ಪಿಸಿಕೊಂಡರೂ ಕತ್ತಲಲ್ಲಿ ಥಟ್ಟನೆ ಸಿಗುತ್ತದೆ. ಚಂದ ಎಂದು ಗಂಟೆಗಟ್ಟಲೆ ಹಾಯಿಸಬೇಡಿ, ಅದಕ್ಕೆ ಆ ಬೆಳಕು ಕಿರಿಕಿರಿ.

ಊಟ ಸುಲಭ. ವಾರಕ್ಕೋ ಹತ್ತು ದಿನಕ್ಕೋ ಒಂದು ಮಿಡತೆ ಅಥವಾ ಸಾಕಿದ ಜಿರಳೆ. ಅಡುಗೆಮನೆಯ ಜಿರಳೆ ಹಿಡಿದು ಹಾಕಬೇಡಿ, ಯಾರ ಮನೆಯ ಜಿರಳೆ ಔಷಧಿ ತಿಂದು ಬಂದಿದೆಯೋ ಗೊತ್ತಾಗುವುದಿಲ್ಲ. ಕೆಲವೊಮ್ಮೆ ವಾರಗಟ್ಟಲೆ ಏನೂ ತಿನ್ನುವುದಿಲ್ಲ. ಆಗ ಪೊರೆ ಕಳಚುವ ತಯಾರಿಯಲ್ಲಿರಬಹುದು. ಪೆಟ್ಟಿಗೆ ಅಲುಗಿಸದೆ, ಒಳಗೆ ಜೀವಂತ ಹುಳು ಬಿಡದೆ ಸುಮ್ನೆ ಇದ್ದುಬಿಡಿ. ಹೊಸ ಮೈ ಮೆತ್ತಗಿರುವಾಗ ಒಂದು ಮಿಡತೆಯೂ ಚೇಳನ್ನು ಗಾಯ ಮಾಡಬಲ್ಲದು. ಎರಡು ಚೇಳುಗಳನ್ನು ಒಟ್ಟಿಗೆ ಇಡಬೇಡಿ, ಒಂದನ್ನು ಇನ್ನೊಂದು ತಿನ್ನಬಹುದು. ಕೈಮೇಲೆ ಬಿಟ್ಟು ವಿಡಿಯೋ ಮಾಡುವ ಚಾಳಿ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಚೇಳಿಗೆ ಅದರಿಂದ ಸುಖವಿಲ್ಲ. ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಉದ್ದನೆಯ ಚಿಮುಟದಲ್ಲೇ ಎಲ್ಲ ಕೆಲಸ ಮಾಡಿ.

ಎಲ್ಲಿಂದ ತರುವುದು? ಆಗುಂಬೆ, ಕುದುರೆಮುಖ ಕಡೆ ಹೋದಾಗ ಕಲ್ಲು ಮಗುಚಿ ಹಿಡಿದು ತರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ ಮಾರಾಯ್ರೇ. ರಾಷ್ಟ್ರೀಯ ಉದ್ಯಾನದಿಂದ, ಅಭಯಾರಣ್ಯದಿಂದ ಯಾವ ಜೀವಿಯನ್ನು ಎತ್ತಿಕೊಂಡು ಬಂದರೂ ಅಪರಾಧ. ಅದಲ್ಲದೆ ಕಾಡುಚೇಳು ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಮರಿ ಹೊರುತ್ತದೆ. ನೀವು ಒಂದು ಹೆಣ್ಣನ್ನು ಎತ್ತಿದರೆ ಒಂದು ಸಂಸಾರವನ್ನೇ ಎತ್ತಿದಂತೆ. ಮನೆಯ ಹಿತ್ತಿಲಲ್ಲಿ ಸಿಕ್ಕಿದ್ದಾದರೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳದೆ ಇಟ್ಟುಕೊಳ್ಳಬೇಡಿ. ಎಂಪರರ್ ಬೇಡ ಎಂದದ್ದು ಒಳ್ಳೆಯದೇ ಆಯಿತು. ಅದು 1995ರಿಂದ ಸೈಟಿಸ್ ಎಂಬ, ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಆ ಪಟ್ಟಿಯ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಬೇರೆ ಜಾತಿಯಾದರೂ ಮಾರುವವರ ಹತ್ತಿರ ಮೂರು ವಿಷಯ ಕೇಳಿ: ಪೂರ್ತಿ ವೈಜ್ಞಾನಿಕ ಹೆಸರೇನು, ಎಲ್ಲಿ ಹುಟ್ಟಿದ್ದು, ಕಾಗದಪತ್ರ ಏನುಂಟು. ‘ಮೀಡಿಯಂ ಸೈಜ್, ರೇರ್’ ಎಂದು ಮಾತ್ರ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಚೇಳು ತರುವ ಮೊದಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಚೇಳು ಕುಟುಕಿದವರಿಗೆ ರಾತ್ರಿಯಲ್ಲೂ ಚಿಕಿತ್ಸೆ ಉಂಟಾ ಎಂದು ಕೇಳಿಡಿ. ಮನೆಯ ಮಾಲೀಕರಿಗೂ ಹೇಳಿ. ಯಾವುದಾದರೂ ಚೇಳು ನೋಡಿ ಇಷ್ಟವಾದರೆ ದುಡ್ಡು ಕೊಡುವ ಮೊದಲು ಇಕ್ಕಳ ಮತ್ತು ಬಾಲ ಸ್ಪಷ್ಟವಾಗಿ ಕಾಣುವ ಫೋಟೋ ಇಲ್ಲಿ ಹಾಕಿ. ಬ್ಯೂಥಿಡೆ ಕುಟುಂಬದ್ದೋ ಅಲ್ಲವೋ ಎಂದು ನೋಡಿ ಹೇಳುತ್ತೇನೆ.